ಸೈಕಲ್ ಬಣ್ಣಕ್ಕೆ ಒಂದು ಚದರ ಅಡಿ ರಕ್ಷೆ

ಭಾನುವಾರ ಬೆಳಿಗ್ಗೆ ಎಂಟರ ಹೊತ್ತಿಗೆ ಕೆಂಗೇರಿಯ ಯಾವ ದರ್ಶಿನಿಯ ಮುಂದೆ ನಿಂತರೂ ಈ ನೋಟ ಕಾಣುತ್ತದೆ. ದೊಡ್ಡಾಲದ ಮರ, ಮಂಚನಬೆಲೆ ಕಡೆ ಹೋಗಿ ಬಂದ ಗೇರ್ ಸೈಕಲ್‌ಗಳು ಕಾಂಪೌಂಡಿಗೆ ಒಂದಕ್ಕೊಂದು ಒರಗಿ ನಿಂತಿರುತ್ತವೆ. ಇಡ್ಲಿ–ವಡೆ ಮುಗಿಸಿ ಬಂದವರು ತಮ್ಮ ಸೈಕಲ್ಲನ್ನು ಬಿಡಿಸಿಕೊಳ್ಳಲು ಎಳೆದರೆ ಪಕ್ಕದ್ದರ ಪೆಡಲ್ ಬಂದು ಪೈಪಿನ ಮೇಲೆ ಉದ್ದಕ್ಕೆ ಗೀರುತ್ತದೆ. ಮತ್ತೊಬ್ಬರು ಕುಕ್ಕರುಗಾಲಲ್ಲಿ ಕೂತು ಕೆಳಗಿನ ಓರೆ ಪೈಪಿನ ಕೆಸರು ಒರೆಸುತ್ತಾರೆ. ಕೆಸರು ಹೋದ ಮೇಲೆ ಸಾಸಿವೆ ಗಾತ್ರದ ಬಿಳಿ ಚುಕ್ಕೆಗಳು ಕಾಣುತ್ತವೆ. ಅಲ್ಲೆಲ್ಲ ಬಣ್ಣ ಚಕ್ಕೆ ಎದ್ದಿದೆ.

ಅದೇ ರಸ್ತೆಯಲ್ಲಿ, ಅದೇ ಹೊತ್ತಿಗೆ, ಪೇಪರ್ ಹಾಕಿ ಮುಗಿಸಿದ ಹುಡುಗ ತನ್ನ ಹಳೇ ಕಪ್ಪು ಸೈಕಲ್ಲಿನಲ್ಲಿ ಮನೆಗೆ ಹೊರಟಿರುತ್ತಾನೆ. ಅದರ ಮೇಲಿನ ಬಾರ್‌ಗೆ ಹಳೇ ಟ್ಯೂಬನ್ನು ಬಿಗಿಯಾಗಿ ಸುತ್ತಿದೆ. ಟ್ಯೂಬ್ ಸುತ್ತಿದ ಕಡೆ ಬಣ್ಣ ಇನ್ನೂ ಇದೆ, ಸುತ್ತದ ಕಡೆ ತುಕ್ಕು ಹಿಡಿದಿದೆ.

ಎರಡೂ ಸೈಕಲ್‌ಗಳ ತೊಂದರೆ ಒಂದೇ. ಅದಕ್ಕೆ ಈಗ ಪಾರದರ್ಶಕ ಫಿಲ್ಮ್, ಟೇಪು, ರಬ್ಬರ್ ಪಟ್ಟಿ ಎಂದು ಹತ್ತಾರು ಪರಿಹಾರಗಳು ಮಾರುಕಟ್ಟೆಯಲ್ಲಿವೆ. ಕಾರಿನವರು, ಬುಲೆಟ್ಟಿನವರು ‘ಪಿಪಿಎಫ್’ (ಪೇಂಟ್ ಪ್ರೊಟೆಕ್ಷನ್ ಫಿಲ್ಮ್) ಎಂದು ಮಾತಾಡುವುದನ್ನು ಎಲ್ಲರೂ ಕೇಳಿದ್ದೇವೆ. ಸೈಕಲ್ಲಿಗೆ ಅದು ಬೇಕೆ, ಬೇಕಾದರೆ ಎಲ್ಲಿ, ಯಾವುದು ಎಂಬುದರ ಬಗ್ಗೆ ಮಾತ್ರ ಅರ್ಧಂಬರ್ಧ ತಿಳಿವಳಿಕೆ ಓಡಾಡುತ್ತಿದೆ.

ಮಡ್‌ಗಾರ್ಡ್ ಇದ್ದ ಕಾಲ

ಪಶ್ಚಿಮ ಬೆಂಗಳೂರು ಒಂದು ಕಾಲಕ್ಕೆ ಸೈಕಲ್ಲಿನ ಮೇಲೇ ಕೆಲಸಕ್ಕೆ ಹೋಗುತ್ತಿತ್ತು. ಬಿನ್ನಿ ಮಿಲ್, ಮಿನರ್ವ ಮಿಲ್, ಸೋಪ್ ಫ್ಯಾಕ್ಟರಿ, ಕಿರ್ಲೋಸ್ಕರ್, ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟು – ಪಾಳಿ ಬಿಟ್ಟಾಗ ರಸ್ತೆ ತುಂಬ ಸೈಕಲ್. 1949ರಲ್ಲಿ ಮದರಾಸಿನಲ್ಲಿ ಶುರುವಾದ ಟಿಐ ಸೈಕಲ್ಸ್‌ನ ಹರ್ಕ್ಯುಲಿಸ್, ಬಿಎಸ್‌ಎ. 1951ರಿಂದ ಸೋನಿಪತ್‌ನ ಅಟ್ಲಾಸ್. 1956ರಿಂದ ಲೂಧಿಯಾನದ ಹೀರೊ. ಬಹುತೇಕ ಎಲ್ಲವೂ ಕಪ್ಪು, ಎಲ್ಲವೂ ಉಕ್ಕು. ಬಣ್ಣ ಬಳಿದು ಒಲೆಯಲ್ಲಿ ಸುಟ್ಟು ಗಟ್ಟಿ ಮಾಡಿದ ಎನಾಮಲ್, ಅದರ ಮೇಲೆ ಬಂಗಾರದ ಬಣ್ಣದ ಸಣ್ಣ ಗೆರೆ.

ಆ ಸೈಕಲ್‌ಗಳಿಗೆ ಎರಡೂ ಚಕ್ರದ ಮೇಲೆ ಪೂರ್ತಿ ಮಡ್‌ಗಾರ್ಡ್ ಇರುತ್ತಿತ್ತು. ಮುಂದಿನದರ ತುದಿಗೆ ನೆಲದ ಹತ್ತಿರದವರೆಗೆ ಇಳಿಯುವ ರಬ್ಬರ್ ಫ್ಲಾಪ್, ಚೈನಿಗೆ ತಗಡಿನ ಕವರ್. ಚಕ್ರ ಎರಚುವ ಕಲ್ಲು, ಕೆಸರು ಫ್ರೇಮಿಗೆ ಮುಟ್ಟುವ ದಾರಿಯೇ ಇರಲಿಲ್ಲ. ಫ್ರೇಮಿನ ಬಣ್ಣ ಹೋಗುತ್ತಿದ್ದುದು ಬೇರೆ ಕಾರಣಕ್ಕೆ. ಬಾರ್ ಮೇಲೆ ಕೂರಿಸಿಕೊಂಡ ಮಗುವಿನ ಬೂಟು, ಹಾಲಿನ ಕ್ಯಾನಿನ ಕೊಕ್ಕೆ, ಸೈಕಲ್ ಸ್ಟ್ಯಾಂಡಿನಲ್ಲಿ ಒತ್ತೊತ್ತಾಗಿ ನಿಲ್ಲಿಸಿದಾಗ ಪಕ್ಕದ ಹ್ಯಾಂಡಲ್. ಅದಕ್ಕೇ ಜನ ಬಾರ್‌ಗೆ ರೆಕ್ಸಿನ್ ಕವರ್ ಹಾಕಿಸುತ್ತಿದ್ದರು, ಬಣ್ಣಬಣ್ಣದ ಪ್ಲಾಸ್ಟಿಕ್ ಪಟ್ಟಿ ಸುತ್ತುತ್ತಿದ್ದರು. ಏನೂ ಇಲ್ಲದಿದ್ದರೆ ಪಂಕ್ಚರ್ ಅಂಗಡಿಯ ಹಳೇ ಟ್ಯೂಬ್.

ಗೇರ್ ಸೈಕಲ್‌ಗಳು ಬಂದಾಗ ಮಡ್‌ಗಾರ್ಡು, ಚೈನ್ ಕವರ್ರು ಎರಡೂ ಹೋದವು. ತೂಕ ಇಳಿಯಿತು, ನೋಟ ಚೂಪಾಯಿತು. ಆದರೆ ಅವು ಮಾಡುತ್ತಿದ್ದ ಕೆಲಸವನ್ನು ಬೇರಾವುದೂ ವಹಿಸಿಕೊಳ್ಳಲಿಲ್ಲ. ಇವತ್ತು ನಾವು ಫಿಲ್ಮ್ ಅಂಟಿಸುವುದರ ಬಗ್ಗೆ ಮಾತಾಡುತ್ತಿರುವುದು ಬಹುಪಾಲು ಅಂದು ಕಳಚಿಟ್ಟ ಆ ಮಡ್‌ಗಾರ್ಡಿನ ಬದಲಿಗೆ. ಆದ್ದರಿಂದ ಮೊದಲ ಸಲಹೆಯನ್ನು ಇಲ್ಲೇ ಹೇಳಿಬಿಡುತ್ತೇನೆ: ನಿಮ್ಮ ಸೈಕಲ್ಲಿಗೆ ಮಡ್‌ಗಾರ್ಡ್ ಕೂರುವ ಜಾಗವಿದ್ದರೆ ಅದನ್ನು ಹಾಕಿಸಿ. ಮಳೆಗಾಲದ ಅರ್ಧ ಹಾನಿ ಅಲ್ಲೇ ನಿಲ್ಲುತ್ತದೆ.

ಇಲ್ಲಿನ ಕಲ್ಲು ಮೆತ್ತಗಿಲ್ಲ

ಮೈಸೂರು ರಸ್ತೆ, ಮಾಗಡಿ ರಸ್ತೆಗಳಲ್ಲಿ ಸೈಕಲ್ ತುಳಿದವರಿಗೆ ಆ ಸದ್ದು ಗೊತ್ತು. ಟಿಪ್ಪರ್ ಲಾರಿ ಉದುರಿಸಿ ಹೋದ ಜಲ್ಲಿ, ಎಂ–ಸ್ಯಾಂಡ್ ಮೇಲೆ ಚಕ್ರ ಹೋದೊಡನೆ ಪೈಪಿಗೆ ಟಣ್ ಎಂದು ಬಡಿಯುತ್ತದೆ.

ಆ ಕಾಳಿನ ಗುಣ ಗಮನಿಸಬೇಕು. ಬೆಂಗಳೂರಿನ ಪಶ್ಚಿಮಕ್ಕೆ ಸಾವನದುರ್ಗ, ಮಾಗಡಿ, ರಾಮನಗರದ ಸಾಲು ಬೆಟ್ಟಗಳೆಲ್ಲ ಗ್ರಾನೈಟ್. ರಾಮನಗರದ ಹಳೆಯ ಹೆಸರಿನಿಂದ ಭೂವಿಜ್ಞಾನಿಗಳು ಇದನ್ನು ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಕರೆಯುತ್ತಾರೆ. ವಯಸ್ಸು ಸುಮಾರು 250 ಕೋಟಿ ವರ್ಷ. ಇದರಲ್ಲಿ ಬೆಣಚುಕಲ್ಲು ಧಾರಾಳವಾಗಿದೆ. ಗಡಸುತನದ ಮೋಹ್ಸ್ ಮಾಪನದಲ್ಲಿ ಬೆಣಚುಕಲ್ಲಿಗೆ 7. ಸಾಮಾನ್ಯ ಉಕ್ಕು 4–5ರ ಆಸುಪಾಸು. ಬಣ್ಣ ಅದಕ್ಕಿಂತ ಎಷ್ಟೋ ಮೆತ್ತಗೆ. ಹೊಳೆ ಮರಳಿನ ಕಾಳು ನೀರಲ್ಲಿ ಉರುಳಿ ಉರುಳಿ ದುಂಡಾಗಿರುತ್ತದೆ. ಕಲ್ಲು ಒಡೆದು ಮಾಡಿದ ಎಂ–ಸ್ಯಾಂಡಿನ ಕಾಳಿಗೆ ಮೂಲೆ, ಅಂಚು ಎಲ್ಲ ಹಾಗೇ ಉಳಿದಿರುತ್ತವೆ.

ಗಂಟೆಗೆ 25 ಕಿ.ಮೀ. ವೇಗದಲ್ಲಿ ಹೋಗುವಾಗ ಮುಂಚಕ್ರ ಎತ್ತಿ ಎಸೆದ ಕಾಳು ಫ್ರೇಮಿಗೆ ಬಡಿಯುವುದು ಹೆಚ್ಚೂಕಡಿಮೆ ಅದೇ ವೇಗದಲ್ಲಿ, ಅಂದರೆ ಸೆಕೆಂಡಿಗೆ 7 ಮೀಟರ್. ಇಳಿಜಾರಿನಲ್ಲಿ ವೇಗ ದುಪ್ಪಟ್ಟಾದರೆ ಹೊಡೆತದ ಶಕ್ತಿ ನಾಲ್ಕು ಪಟ್ಟು. ಇಷ್ಟನ್ನೆಲ್ಲ ತಡೆಯಬೇಕಾದ ಬಣ್ಣದ ದಪ್ಪ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು, ಅಥವಾ ಅದಕ್ಕೂ ಕಡಿಮೆ.

ಬಣ್ಣದ ಕೆಳಗೆ ಏನಿದೆ

ಕಾಮಾಕ್ಷಿಪಾಳ್ಯ, ಸುಂಕದಕಟ್ಟೆ, ಪೀಣ್ಯದ ಪೌಡರ್ ಕೋಟಿಂಗ್ ಶೆಡ್‌ಗಳಲ್ಲಿ ಲೋಹಕ್ಕೆ ಬಣ್ಣ ಹಿಡಿಸುವುದನ್ನು ಒಮ್ಮೆ ನೋಡಿದರೆ ಬಣ್ಣದ ಮೇಲಿನ ಗೌರವ ಹೆಚ್ಚುತ್ತದೆ. ಚೆನ್ನಾಗಿ ಮಾಡುವ ಕಡೆ ಮೊದಲು ‘ಸೆವೆನ್ ಟ್ಯಾಂಕ್’ ಕೆಲಸ: ಜಿಡ್ಡು ತೆಗೆಯುವುದು, ತುಕ್ಕು ತೆಗೆಯುವುದು, ನಡುನಡುವೆ ತೊಳೆಯುವುದು, ಫಾಸ್ಫೇಟ್ ಪದರ ಕೂರಿಸುವುದು. ಆಮೇಲೆ ವಿದ್ಯುದಾವೇಶ ಕೊಟ್ಟ ಪುಡಿಯನ್ನು ಸಿಂಪಡಿಸಿ 180ರಿಂದ 200 ಡಿಗ್ರಿ ಸೆಲ್ಸಿಯಸ್ ಶಾಖದ ಒವನ್ನಿನಲ್ಲಿ ಕರಗಿಸಿ ಗಟ್ಟಿಮಾಡುತ್ತಾರೆ. ಕೊನೆಗೆ ಉಳಿಯುವ ಪದರ 60ರಿಂದ 80 ಮೈಕ್ರಾನ್. ಸೈಕಲ್ ಕಂಪನಿಗಳು ದ್ರವ ಬಣ್ಣ ಬಳಸುವುದೂ ಉಂಟು. ಅಲ್ಲಿ ಪ್ರೈಮರ್, ಬಣ್ಣ, ಮೇಲೊಂದು ಪಾರದರ್ಶಕ ಹೊಳಪಿನ ಪದರ.

ಬಣ್ಣ ಚಕ್ಕೆ ಎದ್ದರೆ ಮುಂದೇನಾಗುತ್ತದೆ ಎಂಬುದು ಫ್ರೇಮ್ ಯಾವುದರದ್ದು ಎಂಬುದನ್ನು ಅವಲಂಬಿಸುತ್ತದೆ. ಅಲ್ಯೂಮಿನಿಯಂ ಬಯಲಾದರೆ ತನ್ನ ಮೇಲೆ ತಾನೇ ಆಕ್ಸೈಡಿನ ತೆಳು ಪದರ ಕಟ್ಟಿಕೊಂಡು ಅಲ್ಲಿಗೇ ನಿಲ್ಲುತ್ತದೆ. ಬೆವರಿನ ಉಪ್ಪು ಸೇರಿದರೆ ಬಣ್ಣ ಗುಳ್ಳೆ ಏಳಬಹುದು, ಅಷ್ಟೆ. ಕಾರ್ಬನ್ ಫೈಬರಿಗೆ ತುಕ್ಕಿಲ್ಲ. ಆದರೆ ನಾರುಗಳನ್ನು ಹಿಡಿದಿರುವ ರೆಸಿನ್ನಿಗೆ ಬಿಸಿಲು ಆಗದು, ಅದಕ್ಕೆ ಬಣ್ಣವೇ ನೆರಳು.

ಉಕ್ಕಿನ ಕಥೆ ಬೇರೆ. ಸಾಸಿವೆಯಷ್ಟು ಜಾಗ ಬಯಲಾದರೂ ನೀರು ಮತ್ತು ಗಾಳಿ ಸೇರಿ ತುಕ್ಕು ಹುಟ್ಟುತ್ತದೆ. ತುಕ್ಕಿಗೆ ಉಕ್ಕಿಗಿಂತ ಹೆಚ್ಚು ಜಾಗ ಬೇಕು. ಅದು ಉಬ್ಬಿ ಪಕ್ಕದ ಒಳ್ಳೆಯ ಬಣ್ಣವನ್ನೂ ಎತ್ತುತ್ತದೆ, ಆ ಸಂದಿನಲ್ಲಿ ಮತ್ತಷ್ಟು ನೀರು ಸೇರುತ್ತದೆ. ಮೇ ತಿಂಗಳ ಮೊದಲ ಮಳೆಗೆ ಬಿದ್ದ ಚುಕ್ಕೆ ಅಕ್ಟೋಬರ್ ಹೊತ್ತಿಗೆ ಕಂದು ಗುಳ್ಳೆಯಾಗಿರುತ್ತದೆ.

ಲಕ್ಷಗಟ್ಟಲೆ ಬೆಲೆಯ ಕಾರ್ಬನ್ ಸೈಕಲ್ಲಿಗೆ ಫಿಲ್ಮ್ ಹೆಚ್ಚಾಗಿ ಚಂದದ ಪ್ರಶ್ನೆ, ಮುಂದೆ ಮಾರುವಾಗ ಸಿಗುವ ಬೆಲೆಯ ಪ್ರಶ್ನೆ. ಕೆಲವು ಸಾವಿರ ರೂಪಾಯಿಯ ಉಕ್ಕಿನ ಸೈಕಲ್ಲಿಗೆ ಅದು ಆಯಸ್ಸಿನ ಪ್ರಶ್ನೆ. ಈ ವ್ಯತ್ಯಾಸವನ್ನು ಅಂಗಡಿಗಳಲ್ಲಿ ಯಾರೂ ಹೇಳುವುದಿಲ್ಲ. ಫಿಲ್ಮ್ ಅಂಟಿಸಿಕೊಂಡು ಓಡಾಡುವ ಸೈಕಲ್‌ಗಳು ಬಹುತೇಕ ಮೊದಲನೆಯ ಗುಂಪಿನವು, ಅದರ ಅಗತ್ಯ ಹೆಚ್ಚಾಗಿರುವುದು ಎರಡನೆಯ ಗುಂಪಿಗೆ.

ಟೇಪು ಹುಟ್ಟಿದ್ದೇ ಬಣ್ಣಕ್ಕಾಗಿ

ಅಂಟುಪಟ್ಟಿಗೂ ಬಣ್ಣಕ್ಕೂ ನೂರು ವರ್ಷದ ನಂಟು. 1920ರ ದಶಕದಲ್ಲಿ ಅಮೆರಿಕದಲ್ಲಿ ಎರಡು ಬಣ್ಣದ ಕಾರುಗಳ ಹುಚ್ಚು. ಒಂದು ಬಣ್ಣ ಬಳಿದು, ಅದನ್ನು ಮರೆಮಾಡಿ, ಇನ್ನೊಂದು ಬಳಿಯಬೇಕು. ಮರೆಮಾಡಲು ಅಂಟಿಸಿದ ಕಾಗದ ಕೀಳುವಾಗ ಹೊಸ ಬಣ್ಣವೂ ಕಿತ್ತು ಬರುತ್ತಿತ್ತು. ಮಿನೆಸೋಟದ 3ಎಂ ಕಂಪನಿಯ ಯುವ ಪ್ರಯೋಗಾಲಯ ಸಹಾಯಕ ರಿಚರ್ಡ್ ಡ್ರೂ ಉಪ್ಪುಕಾಗದದ ಪರೀಕ್ಷೆಗೆಂದು ಕಾರು ರಿಪೇರಿ ಶೆಡ್ಡಿಗೆ ಹೋದಾಗ ಪೇಂಟರುಗಳ ಪರದಾಟ ಕಂಡರು. ಅದರಿಂದ 1925ರಲ್ಲಿ ಹುಟ್ಟಿದ್ದು ಮಾಸ್ಕಿಂಗ್ ಟೇಪ್: ಹಿಡಿಯಬೇಕಾದಷ್ಟು ಹಿಡಿದು, ಬಿಡಬೇಕಾದಾಗ ಬಣ್ಣಕ್ಕೆ ನೋವಾಗದಂತೆ ಬಿಡುವ ಪಟ್ಟಿ.

ಇವತ್ತಿನ ರಕ್ಷಣಾ ಫಿಲ್ಮಿನ ಮೂಲ ಯುದ್ಧಭೂಮಿಯಲ್ಲಿದೆ. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಹೆಲಿಕಾಪ್ಟರಿನ ತಿರುಗುವ ರೆಕ್ಕೆಗಳ ಮುಂದಿನ ಅಂಚನ್ನು ಮರಳು ತಿಂದುಹಾಕುತ್ತಿತ್ತು. ಆ ಅಂಚಿಗೆ ಪಾಲಿಯುರೆಥೇನ್ ಎಂಬ ರಬ್ಬರಿನಂಥ ಪ್ಲಾಸ್ಟಿಕ್ಕಿನ ಪಟ್ಟಿ ಅಂಟಿಸಿದರು. ರೆಕ್ಕೆಯ ತುದಿ ಸೆಕೆಂಡಿಗೆ ಸುಮಾರು 200 ಮೀಟರ್ ವೇಗದಲ್ಲಿ ಸುತ್ತುತ್ತದೆ, ಗಂಟೆಗೆ 700 ಕಿ.ಮೀ. ಮೀರಿ.  ಆ ಪಟ್ಟಿ ಮುಂದೆ ರೇಸ್ ಕಾರುಗಳ ಮೂತಿಗೆ, ಅಲ್ಲಿಂದ ಸಾಮಾನ್ಯ ಕಾರಿಗೆ, ಸೈಕಲ್ಲಿಗೆ ಬಂತು. ಸೈಕಲ್ ಸವಾರರು ಅದನ್ನು ಇವತ್ತಿಗೂ ಹೆಲಿಕಾಪ್ಟರ್ ಟೇಪ್ ಎಂದೇ ಕೇಳಿ ಕೊಳ್ಳುತ್ತಾರೆ.

ಅದು ಕೆಲಸ ಮಾಡುವ ಬಗೆ ಸರಳ. ಬಣ್ಣ ಗಡುಸು, ಕಲ್ಲು ಬಡಿದರೆ ಬಗ್ಗಲಾರದೆ ಸಿಡಿಯುತ್ತದೆ. ಪಾಲಿಯುರೆಥೇನ್ ಒಳಕ್ಕೆ ಒತ್ತಿಕೊಂಡು ಮತ್ತೆ ಎದ್ದು ಬರುತ್ತದೆ. ಒಂದೇ ಬಿಂದುವಿನಲ್ಲಿ, ಒಂದೇ ಕ್ಷಣದಲ್ಲಿ ಬೀಳುವ ಹೊಡೆತ ಸ್ವಲ್ಪ ಹೆಚ್ಚು ಜಾಗಕ್ಕೆ, ಸ್ವಲ್ಪ ಹೆಚ್ಚು ಹೊತ್ತಿಗೆ ಹಂಚಿಹೋಗುತ್ತದೆ. 150ರಿಂದ 200 ಮೈಕ್ರಾನ್ ದಪ್ಪದ ಫಿಲ್ಮ್ ಇಷ್ಟನ್ನು ಮಾಡುತ್ತದೆ.

ನೋಡಬೇಕಾದ್ದು ಅಂಟನ್ನು

ಟೇಪು ಕೊಳ್ಳುವಾಗ ನಾವು ಮೇಲ್ಮೈ ನೋಡುತ್ತೇವೆ, ಹೊಳಪು ನೋಡುತ್ತೇವೆ. ಬಣ್ಣ ಉಳಿಸುವುದೂ ಕೆಡಿಸುವುದೂ ಅದರ ಬೆನ್ನಿಗಿರುವ ಅಂಟು.

ಇಂಥ ಅಂಟು ಒಣಗಿ ಗಟ್ಟಿಯಾಗುವ ಜಾತಿಯದಲ್ಲ. ಹದಕ್ಕೆ ಬಂದ ಬೆಲ್ಲದ ಪಾಕದಂತೆ ದ್ರವಕ್ಕೂ ಗಟ್ಟಿಗೂ ನಡುವೆ ನಿಂತಿರುತ್ತದೆ. ಒತ್ತಿದರೆ ನಿಧಾನಕ್ಕೆ ಹರಿದು ಬಣ್ಣದ ಕಣ್ಣಿಗೆ ಕಾಣದ ಏರುತಗ್ಗುಗಳಲ್ಲಿ ಕೂರುತ್ತದೆ, ಹಠಾತ್ತನೆ ಎಳೆದರೆ ಗಟ್ಟಿಯಾಗಿ ಹಿಡಿಯುತ್ತದೆ. ಪೂರ್ತಿ ಹಿಡಿತ ಬರಲು ಕನಿಷ್ಠ ಒಂದು ದಿನ ಬೇಕು.

ಇನ್ಸುಲೇಷನ್ ಟೇಪಿನ ಬೆನ್ನಿಗಿರುವುದು ಹೆಚ್ಚಾಗಿ ರಬ್ಬರ್ ಜಾತಿಯ ಅಂಟು. ವೈರಿಗೆ ಸುತ್ತಲು ಅದು ಸರಿ. ಬಿಸಿಲಿಗೆ ನಿಲ್ಲುವ ಸೈಕಲ್ಲಿನ ಮೇಲೆ ಅದು ಮೆತ್ತಗಾಗಿ ಅಂಚಿನಿಂದ ಜಿನುಗುತ್ತದೆ, ಧೂಳು ಹಿಡಿದು ಕಪ್ಪು ಗೆರೆಯಾಗುತ್ತದೆ. ಕಿತ್ತರೆ ಜಿಗುಟು ಹಾಗೇ ಉಳಿಯುತ್ತದೆ. ಪಾರ್ಸೆಲ್ಲಿಗೆ ಹಾಕುವ ಕಂದು ಟೇಪಂತೂ ಬೇಡವೇ ಬೇಡ. ಅದಕ್ಕೆ ಹಿಗ್ಗುವ ಗುಣವೇ ಇಲ್ಲ, ಬಿಸಿಲಿಗೆ ಪುಡಿಪುಡಿಯಾಗುತ್ತದೆ. ರಕ್ಷಣಾ ಫಿಲ್ಮಿಗೆ ಹಾಕುವುದು ಅಕ್ರಿಲಿಕ್ ಅಂಟು. ಬಿಸಿಲನ್ನು ಎಷ್ಟೋ ಚೆನ್ನಾಗಿ ತಡೆಯುತ್ತದೆ, ತೆಗೆದಾಗ ಚೊಕ್ಕವಾಗಿ ಬಿಡುತ್ತದೆ.

ಬಿಸಿಲಿನ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿ, ಸಮಭಾಜಕ ವೃತ್ತದಿಂದ 13 ಡಿಗ್ರಿ ದೂರದಲ್ಲಿ ಇರುವವರು ನಾವು. ಗಾಳಿ ತಂಪಾಗಿದ್ದರೂ ಅತಿನೇರಳೆ ಕಿರಣ ತೀಕ್ಷ್ಣ. ಅಗ್ಗದ ಫಿಲ್ಮ್ ಇಲ್ಲಿ ಬೇಗ ಹಳದಿಯಾಗುವುದು ಇದಕ್ಕೇ.

ರೇಡಿಯಂ ಅಂಗಡಿಯಲ್ಲಿ

ವಿಜಯನಗರ, ಬಸವೇಶ್ವರನಗರದ ಯಾವ ಮುಖ್ಯರಸ್ತೆಯಲ್ಲಿ ಹೋದರೂ ಒಂದು ರೇಡಿಯಂ ಸ್ಟಿಕರ್ ಅಂಗಡಿ ಸಿಗುತ್ತದೆ. ‘ಶ್ರೀ ಮಂಜುನಾಥ ಪ್ರಸನ್ನ’ದಿಂದ ನಂಬರ್ ಪ್ಲೇಟಿನವರೆಗೆ ಎಲ್ಲ ಅಲ್ಲೇ. ಬೈಕಿನ ಪೆಟ್ರೋಲ್ ಟ್ಯಾಂಕಿಗೆ ಪಾರದರ್ಶಕ ಹೊದಿಕೆ ಹಾಕುವುದನ್ನು ಅವರು ‘ಲ್ಯಾಮಿನೇಷನ್’ ಎನ್ನುತ್ತಾರೆ. ಅಲ್ಲಿ ಹೋಗಿ ಕೇಳಿದರೆ ಮಾತು ಸಾಮಾನ್ಯವಾಗಿ ಹೀಗೆ ಸಾಗುತ್ತದೆ:

“ಅಣ್ಣಾ, ಸೈಕಲ್ಲಿಗೆ ಲ್ಯಾಮಿನೇಷನ್ ಮಾಡ್ತೀರಾ?”

“ಬೈಕಿಗೆ ಮಾಡ್ತೀವಿ ಸಾರ್. ಸೈಕಲ್ಲಿಗೆ ಯಾರೂ ಕೇಳಲ್ಲ. ಕಟ್‌ಪೀಸ್ ಇದೆ, ಕೊಡ್ಲಾ?”

ಆ ಕಟ್‌ಪೀಸೇ ಸಾಕು. ಆದರೆ ಒಂದು ಪ್ರಶ್ನೆ ಕೇಳಿ ತೆಗೆದುಕೊಳ್ಳಿ: ಇದು ಪಿವಿಸಿಯೋ, ಟಿಪಿಯುವೋ? ಪಿವಿಸಿ ವಿನೈಲ್ ಅಗ್ಗ. ಅದನ್ನು ಮೆತ್ತಗಿಡಲು ಸೇರಿಸಿದ ಎಣ್ಣೆಯಂಥ ಪದಾರ್ಥ ವರ್ಷ ಕಳೆದಂತೆ ಹೊರಬರುತ್ತದೆ. ಫಿಲ್ಮ್ ಗಡುಸಾಗಿ ಕುಗ್ಗುತ್ತದೆ, ಅಂಚಿನಲ್ಲಿ ಅಂಟಿನ ಗೆರೆ ಬಯಲಾಗುತ್ತದೆ. ಗೀರು ತಡೆಯಲು ಅದು ಸಾಕು, ಕಲ್ಲಿನ ಹೊಡೆತಕ್ಕೆ ಸಾಲದು. ಟಿಪಿಯು ಎಂದರೆ ಪಾಲಿಯುರೆಥೇನ್, ಬೆಲೆ ಹೆಚ್ಚು. ಸಣ್ಣ ತುಂಡು ಎಳೆದು ನೋಡಿದರೆ ಗೊತ್ತಾಗುತ್ತದೆ. ಟಿಪಿಯು ರಬ್ಬರಿನಂತೆ ಹಿಗ್ಗಿ ವಾಪಸ್ ಬರುತ್ತದೆ, ವಿನೈಲ್ ಹಿಗ್ಗಿದಲ್ಲೇ ಉಳಿಯುತ್ತದೆ. ಟಿಪಿಯುನಲ್ಲೂ ಅಲಿಫ್ಯಾಟಿಕ್ ಎಂಬ ಬಗೆ ಬಿಸಿಲಿಗೆ ಬೇಗ ಹಳದಿಯಾಗುವುದಿಲ್ಲ, ಅರೊಮ್ಯಾಟಿಕ್ ಎಂಬುದು ಆಗುತ್ತದೆ. ಡಬ್ಬದ ಮೇಲೆ ಬರೆದಿದ್ದರೆ ನೋಡಿಕೊಳ್ಳಿ.

‘ಸೆಲ್ಫ್ ಹೀಲಿಂಗ್’ ಎಂಬ ಮಾತಿಗೆ ಅರ್ಥವಿದೆ, ಮಿತಿಯೂ ಇದೆ. ಒಳ್ಳೆಯ ಫಿಲ್ಮಿನ ಮೇಲ್ಪದರದಲ್ಲಿ ಬಿದ್ದ ಕೂದಲೆಳೆಯ ಗೀರುಗಳು ಬಿಸಿಲಿನ ಶಾಖಕ್ಕೋ ಬಿಸಿನೀರಿಗೋ ಮಾಯುತ್ತವೆ. ಫಿಲ್ಮ್ ಹರಿದರೆ ಅದು ಹರಿದಂತೆಯೇ.

ಸಣ್ಣ ತುಂಡುಗಳಿಗೆ ಇನ್ನೊಂದು ದಾರಿ ಮೊಬೈಲ್ ಅಂಗಡಿ. ಫೋನಿನ ಪರದೆಗೆ ‘ಹೈಡ್ರೋಜೆಲ್’ ಎಂದು ಹಾಕಿಕೊಡುವುದು ಬಹಳಷ್ಟು ಸಲ ಟಿಪಿಯು ಫಿಲ್ಮೇ. ತೆಳುವಾದ್ದರಿಂದ ಕಲ್ಲಿಗೆ ಸಾಲದು. ಕೇಬಲ್ ಉಜ್ಜುವ ಜಾಗಕ್ಕೆ ಚೆನ್ನಾಗಿ ಆಗುತ್ತದೆ.

ಎಲ್ಲೆಲ್ಲಿ ಹಚ್ಚಬೇಕು

ಇಡೀ ಫ್ರೇಮಿಗೆ ಹೊದಿಸುವುದು ನನ್ನ ದೃಷ್ಟಿಯಲ್ಲಿ ಅನವಶ್ಯಕ ಖರ್ಚು. ಹಾನಿ ಆಗುವ ಜಾಗಗಳು ಐದಾರೇ.

ಮೊದಲನೆಯದು ಹ್ಯಾಂಡಲಿನಿಂದ ಪೆಡಲಿನ ಕಡೆ ಇಳಿಯುವ ಓರೆ ಪೈಪಿನ ತಳಭಾಗ, ಅದರಲ್ಲೂ ಕೆಳಗಿನ ಅರ್ಧ. ಮುಂಚಕ್ರ ಎಸೆಯುವುದೆಲ್ಲ ಬೀಳುವುದು ಇಲ್ಲಿ. ಅದಕ್ಕೆ ಅಂಟಿಕೊಂಡಂತೆ ಪೆಡಲ್ ಕೂರುವ ಗುಂಬದ ಕೆಳಗೂ ಒಂದು ತುಂಡು ಬೇಕು. ಅನೇಕ ಸೈಕಲ್‌ಗಳಲ್ಲಿ ಫ್ರೇಮ್ ನಂಬರ್ ಒತ್ತಿರುವುದು ಇಲ್ಲೇ. ಸೈಕಲ್ ಕಳುವಾದರೆ ಪೊಲೀಸರು ಕೇಳುವುದು ಆ ನಂಬರನ್ನು. ಆದ್ದರಿಂದ ಇಲ್ಲಿ ಪಾರದರ್ಶಕ ಫಿಲ್ಮೇ ಆಗಬೇಕು. ನೀರು ಇಳಿಯಲೆಂದು ಬಿಟ್ಟ ಸಣ್ಣ ತೂತು ಇದ್ದರೆ ಅದನ್ನು ಮುಚ್ಚಬಾರದು. ಮುಚ್ಚಿದರೆ ಪೈಪಿನೊಳಗೇ ತುಕ್ಕು.

ಎರಡನೆಯದು ಚೈನಿನ ಪಕ್ಕದಲ್ಲಿ ಹಿಂಚಕ್ರದವರೆಗೆ ಹೋಗುವ ಪೈಪು. ಹಂಪ್ ಹಾರಿದಾಗ, ತುರಹಳ್ಳಿಯಂಥ ಕಲ್ಲುದಾರಿಯಲ್ಲಿ ಇಳಿದಾಗ ಚೈನು ಕುಣಿದು ಇದಕ್ಕೆ ಬಡಿಯುತ್ತದೆ. ಇಲ್ಲಿ ಪಾರದರ್ಶಕ ಫಿಲ್ಮಿಗಿಂತ ದಪ್ಪ ರಬ್ಬರ್ ವಾಸಿ. ಹಳೇ ಟ್ಯೂಬನ್ನು ಉದ್ದಕ್ಕೆ ಸೀಳಿ, ಪ್ರತಿ ಸುತ್ತೂ ಹಿಂದಿನ ಸುತ್ತಿನ ಮೇಲೆ ಅರ್ಧ ಬರುವಂತೆ ಬಿಗಿಯಾಗಿ ಸುತ್ತಿ, ತುದಿಯನ್ನು ಜಿಪ್ ಟೈನಿಂದ ಕಟ್ಟಿದರೆ ಸದ್ದೂ ಅಡಗುತ್ತದೆ. ಹಾಲಿನವರು, ಪೇಪರಿನವರು ಬಾರ್‌ಗೆ ಮಾಡಿಕೊಂಡು ಬಂದದ್ದು ಇದೇ. ಮಳೆಗಾಲ ಮುಗಿದಾಗ ಒಮ್ಮೆ ಬಿಚ್ಚಿ, ಒರೆಸಿ, ಮತ್ತೆ ಸುತ್ತಬೇಕು. ಅಂಟಿಲ್ಲದ ಸುತ್ತಿನ ಅಡಿಯಲ್ಲಿ ನೀರು ನಿಂತಿರುತ್ತದೆ.

ಮೂರನೆಯದು ಹ್ಯಾಂಡಲ್ ತಿರುಗಿಸಿದಾಗ ಬ್ರೇಕು, ಗೇರಿನ ಕೇಬಲ್ ಉಜ್ಜುವ ಜಾಗ. ಧೂಳು ಕೂತ ಕೇಬಲ್ ಅರದ ಹಾಗೆ ಕೆಲಸ ಮಾಡುತ್ತದೆ. ದಿನವೂ ತುಳಿಯುವ ಸೈಕಲ್ಲಿನಲ್ಲಿ ಅಲ್ಲಿ ಲೋಹ ಕಾಣುವವರೆಗೆ ಸವೆದಿರುವುದನ್ನು ನೋಡಬಹುದು. ಎರಡು ಬೆರಳಗಲದ ತುಂಡು ಸಾಕು. ಉಳಿದವು ನಿಮ್ಮ ಬಳಕೆಗೆ ತಕ್ಕಂತೆ: ಗೇಟಿಗೆ ಚೈನ್ ಲಾಕ್ ಹಾಕಿ ನಿಲ್ಲಿಸುವವರಿಗೆ ಮೇಲಿನ ಬಾರ್, ಬ್ಯಾಗಿನ ಪಟ್ಟಿ ಕಟ್ಟುವವರಿಗೆ ಸೀಟಿನ ಪೈಪು, ಹಿಮ್ಮಡಿ ತಗಲುವವರಿಗೆ ಹಿಂದಿನ ಪೈಪಿನ ಪಕ್ಕ.

ಒಂದು ಇಂಚು ವ್ಯಾಸದ ಪೈಪಿನ ಸುತ್ತಳತೆ ಸುಮಾರು 8 ಸೆಂ.ಮೀ. ಆ ಲೆಕ್ಕದಲ್ಲಿ ಮೇಲೆ ಹೇಳಿದ್ದೆಲ್ಲ ಸೇರಿ 550 ಚದರ ಸೆಂ.ಮೀ. ಆಸುಪಾಸು. ಒಂದು ಚದರ ಅಡಿಯಲ್ಲಿ 929 ಚದರ ಸೆಂ.ಮೀ. ಇರುತ್ತದೆ. ಅಂದರೆ ಒಂದು ಚದರ ಅಡಿ ತಂದರೆ ಉಳಿಯುತ್ತದೆ. 200 ಮೈಕ್ರಾನ್ ಫಿಲ್ಮ್ ಅಷ್ಟು ಹಚ್ಚಿದರೂ ಸೇರುವ ತೂಕ 13 ಗ್ರಾಂ.

ಹಚ್ಚುವ ಬಗೆ

ಒಳ್ಳೆಯ ಸಮಯವೆಂದರೆ ಹೊಸ ಸೈಕಲ್ ಅಂಗಡಿಯಲ್ಲಿ ಫಿಟಿಂಗ್ ಆಗುವಾಗ, ಕೇಬಲ್ಲು, ಬಾಟಲಿ ಸ್ಟ್ಯಾಂಡು ಹಾಕುವ ಮೊದಲು. ಅದು ತಪ್ಪಿದ್ದರೆ ನೆರಳಿನಲ್ಲಿ, ಧೂಳಿಲ್ಲದ ಕಡೆ ಕೂತು ಮಾಡಿ.

ಮೊದಲು ಸೋಪಿನ ನೀರಿನಲ್ಲಿ ತೊಳೆದು ಒಣಗಿಸಿ. ಆಮೇಲೆ ಮೆಡಿಕಲ್ ಸ್ಟೋರಿನ ಸ್ಪಿರಿಟ್ಟಿನಿಂದಲೋ ಮೊಬೈಲ್ ರಿಪೇರಿಯವರು ಬಳಸುವ ಐಪಿಎ (ಐಸೊಪ್ರೊಪೈಲ್ ಆಲ್ಕೊಹಾಲ್) ದ್ರವದಿಂದಲೋ ಒರೆಸಿ. ಸ್ಯಾನಿಟೈಸರ್ ಜೆಲ್ ಬೇಡ, ಅದು ಪದರ ಬಿಡುತ್ತದೆ. ಥಿನ್ನರ್, ಅಸಿಟೋನ್ ಬಣ್ಣವನ್ನೇ ಕರಗಿಸುತ್ತವೆ. ಅಗ್ಗದ ಸ್ಪ್ರೇ ಬಣ್ಣದ ಫ್ರೇಮಾದರೆ ಸ್ಪಿರಿಟ್ಟನ್ನೂ ಮೊದಲು ಮರೆಯ ಮೂಲೆಯಲ್ಲಿ ಪರೀಕ್ಷಿಸಿ. ಒಂದು ಕಾಳು ಮರಳು ಉಳಿದರೂ ಅದು ಫಿಲ್ಮಿನ ಅಡಿಯಲ್ಲಿ ಗುಬ್ಬಿಯಾಗಿ ನಿಲ್ಲುತ್ತದೆ.

ಫಿಲ್ಮ್ ಕತ್ತರಿಸಿ ಮೂಲೆಗಳನ್ನು ದುಂಡು ಮಾಡಿ. ಚೂಪು ಮೂಲೆ ಮೊದಲು ಏಳುತ್ತದೆ. ಬ್ಲೇಡನ್ನು ಫ್ರೇಮಿನ ಮೇಲೆ ಎಂದೂ ಆಡಿಸಬೇಡಿ. ಬಣ್ಣಕ್ಕೆ ಬೀಳುವ ಆ ಒಂದು ಗೆರೆಯೇ ತುಕ್ಕಿಗೆ ಬಾಗಿಲು, ಕಾರ್ಬನ್ನಿನಲ್ಲಾದರೆ ನಾರೇ ತುಂಡಾಗಬಹುದು. ಸ್ಪ್ರೇ ಬಾಟಲಿಯ ನೀರಿಗೆ ನಾಲ್ಕು ಹನಿ ಬೇಬಿ ಶಾಂಪೂ ಹಾಕಿ ಫ್ರೇಮಿಗೂ ಅಂಟಿನ ಬದಿಗೂ ಸಿಂಪಡಿಸಿ. ಒದ್ದೆಯಿದ್ದಷ್ಟು ಹೊತ್ತು ಫಿಲ್ಮ್ ಜಾರುತ್ತದೆ, ಬೇಕಾದ ಕಡೆ ಕೂರಿಸಬಹುದು. ಹಳೇ ಎಟಿಎಂ ಕಾರ್ಡಿಗೆ ಬಟ್ಟೆ ಸುತ್ತಿ ನಡುವಿನಿಂದ ಅಂಚಿನ ಕಡೆಗೆ ನೀರನ್ನು ಒತ್ತಿ ಹೊರಹಾಕಿ. ಬಾಗಿದ ಕಡೆ ಹೇರ್ ಡ್ರೈಯರಿನ ಬಿಸಿಗಾಳಿ ಕೊಟ್ಟು ಸ್ವಲ್ಪ ಹಿಗ್ಗಿಸಿ ಒತ್ತಿ. ಅತಿಯಾಗಿ ಎಳೆದು ಅಂಟಿಸಿದ ಫಿಲ್ಮ್ ತನ್ನ ಮೊದಲಿನ ಅಳತೆಗೆ ಹೋಗಲು ನೋಡುತ್ತದೆ, ಅಂಚು ಏಳುತ್ತದೆ. ಸಣ್ಣ ನೀರಿನ ಗುಳ್ಳೆಗಳು ಉಳಿದರೆ ಕೆಲವು ದಿನಗಳಲ್ಲಿ ತಾವೇ ಆರುತ್ತವೆ. ಒಂದು ದಿನ ಸೈಕಲ್ ಹೊರತೆಗೆಯಬೇಡಿ, ವಾರದವರೆಗೆ ಜೋರಾಗಿ ನೀರು ಹಾಯಿಸಿ ತೊಳೆಯಬೇಡಿ.

ಆಯುಧಪೂಜೆಯ ದಿನ ಫ್ರೇಮಿಗೆ ಅರಿಶಿನ–ಕುಂಕುಮ ಹಚ್ಚುವವರು ಗಾಬರಿಯಾಗಬೇಕಿಲ್ಲ. ಅರಿಶಿನ ಪ್ಲಾಸ್ಟಿಕ್ಕಿಗೆ ಹಳದಿ ಹಿಡಿಸುತ್ತದೆ ನಿಜ, ಆದರೆ ಅರಿಶಿನದ ಬಣ್ಣ ಬಿಸಿಲಿಗೆ ನಿಲ್ಲುವುದಿಲ್ಲ. ಕೆಲವು ದಿನ ಹೊರಗೆ ಓಡಾಡಿದರೆ ತಿಳಿಯಾಗುತ್ತದೆ.

ಹೊದಿಸಿ ಕೆಡಿಸುವುದು

ಹೊಸ ಸೈಕಲ್ಲಿಗೆ ಕಂಪನಿಯವರು ಸುತ್ತಿ ಕಳಿಸಿದ ಪಾಲಿಥೀನನ್ನು ತಿಂಗಳುಗಟ್ಟಲೆ ಹಾಗೇ ಬಿಡುವವರು ನಮ್ಮಲ್ಲಿ ಬಹಳ. ಮಗಳ ಹೊಸ ಸೈಕಲ್ ಮಾಸದಿರಲಿ ಎಂಬ ಪ್ರೀತಿ ಅದರ ಹಿಂದಿದೆ. ಆದರೆ ಸಡಿಲ ಪ್ಲಾಸ್ಟಿಕ್ಕಿನೊಳಗೆ ಮಳೆನೀರು ಇಳಿದು ಹೊರಬರಲಾರದೆ ಕೂರುತ್ತದೆ. ಧೂಳೂ ಸೇರಿ, ಗಾಳಿಗೆ ಪ್ಲಾಸ್ಟಿಕ್ ಆಡಿದಾಗಲೆಲ್ಲ ಬಣ್ಣವನ್ನು ಉಜ್ಜುತ್ತದೆ. ಏನೂ ಹೊದಿಸದೆ ಬಿಡುವುದು ಇದಕ್ಕಿಂತ ಮೇಲು. ತಂದ ದಿನವೇ ಬಿಚ್ಚಿಬಿಡಿ.

ಅಂಚು ಎದ್ದ ಫಿಲ್ಮಿಗೂ ಇದೇ ಮಾತು. ಆ ಸಂದಿನಲ್ಲಿ ಕೆಸರು, ಬೆವರು ನಿಲ್ಲುತ್ತವೆ. ತಿಂಗಳಿಗೊಮ್ಮೆ ಬೆರಳಾಡಿಸಿ ನೋಡಿ. ಎದ್ದ ಅಂಚನ್ನು ಒರೆಸಿ, ಬಿಸಿಗಾಳಿ ಕೊಟ್ಟು ಒತ್ತಿದರೂ ಕೂರದಿದ್ದರೆ ಆ ತುಂಡನ್ನೇ ಬದಲಿಸಿ. ಈಗಾಗಲೇ ತುಕ್ಕಿರುವ ಜಾಗದ ಮೇಲೆ ಫಿಲ್ಮ್ ಹಚ್ಚಿದರೆ ತುಕ್ಕು ಒಳಗೇ ಬೆಳೆಯುತ್ತದೆ. ಕಾರ್ಬನ್ ಸೈಕಲ್ ಬಿದ್ದಿದ್ದರೆ, ಬಿರುಕನ್ನು ಫಿಲ್ಮಿನ ಹೊಳಪು ಮರೆಮಾಡುವ ಅಪಾಯವಿದೆ. ಅನುಮಾನವಿದ್ದ ಜಾಗದಲ್ಲಿ ತೆಗೆದು ನೋಡಿಸಬೇಕು. ಮ್ಯಾಟ್ ಬಣ್ಣದ ಮೇಲೆ ಹೊಳಪಿನ ಫಿಲ್ಮ್ ಹಚ್ಚಿದರೆ ತೇಪೆಯಂತೆ ಎದ್ದು ಕಾಣುತ್ತದೆ, ಮ್ಯಾಟ್ ಫಿಲ್ಮೇ ಕೇಳಿ.

ಶಾಲೆಯ ಸೈಕಲ್‌ಗಳು

ಕರ್ನಾಟಕ ಸರ್ಕಾರ 2006–07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರುಮಾಡಿತು. ಲಕ್ಷಾಂತರ ಸೈಕಲ್‌ಗಳು ಹಳ್ಳಿಗಳಿಗೂ ಊರಂಚಿನ ಬಡಾವಣೆಗಳಿಗೂ ಬಂದವು. ಉಕ್ಕಿನ ಫ್ರೇಮು, ಬಯಲಿನಲ್ಲಿ ನಿಲುಗಡೆ, ಮಳೆಯಲ್ಲಿ ಓಡಾಟ. ಅಕ್ಕ ಹೈಸ್ಕೂಲು ಮುಗಿಸಿದ ಮೇಲೆ ತಮ್ಮನಿಗೆ, ತಮ್ಮನ ಮೇಲೆ ಅಪ್ಪನಿಗೆ ಹೋಗುವ ಸೈಕಲ್ ಅದು. ಇಂಥದ್ದರ ಓರೆ ಪೈಪಿಗೆ, ಪೆಡಲ್ ಗುಂಬದ ಅಡಿಗೆ, ಕ್ಯಾರಿಯರ್ ತಗಲುವ ಕಡೆಗೆ ಅಂಗೈಯಗಲದ ತುಂಡುಗಳು ಬಿದ್ದಿದ್ದರೆ ಫ್ರೇಮ್ ಇನ್ನೂ ಕೆಲವು ಮಳೆಗಾಲ ಕಾಣುತ್ತಿತ್ತು. ರೇಡಿಯಂ ಅಂಗಡಿಯ ಕಸದ ಬುಟ್ಟಿ ಸೇರುವ ಕಟ್‌ಪೀಸುಗಳಲ್ಲೇ ಆಗುವ ಕೆಲಸ ಇದು. ಸೈಕಲ್ ಮಾರುವ ಅಂಗಡಿಗಳು ಬೆಲ್ಲು, ಸ್ಟ್ಯಾಂಡಿನ ಜೊತೆ ಇದನ್ನೂ ಹಚ್ಚಿಕೊಡುವ ಪದ್ಧತಿ ಬರಬೇಕು ಎಂದು ನಾನು ಮನಸಾರೆ ಬಯಸುತ್ತೇನೆ.

ತೆಗೆಯುವ ಕಾಲ ಬಂದಾಗ

ಯಾವ ಫಿಲ್ಮೂ ಶಾಶ್ವತವಲ್ಲ. ಹಳದಿಯಾಗಿ, ಗಡುಸಾಗಿ, ಅಂಚು ಏಳಲು ತೊಡಗಿದಾಗ ತೆಗೆಯಬೇಕು. ತೀರಾ ತಡಮಾಡಿದರೆ ಚೂರುಚೂರಾಗಿ ಬರುತ್ತದೆ. ಹೇರ್ ಡ್ರೈಯರಿನಿಂದ ಮುಟ್ಟಿದರೆ ಬೆಚ್ಚಗೆನ್ನಿಸುವಷ್ಟು ಬಿಸಿಮಾಡಿ, ಒಂದು ಮೂಲೆ ಎಬ್ಬಿಸಿ, ಫಿಲ್ಮನ್ನು ಅದರ ಮೈಮೇಲೇ ಹಿಂದಕ್ಕೆ ಮಡಚಿ ನಿಧಾನವಾಗಿ ಎಳೆಯಿರಿ. ನೇರ ಮೇಲಕ್ಕೆ ಜಗ್ಗಿದರೆ ಸಡಿಲ ಬಣ್ಣ ಜೊತೆಗೇ ಬರುತ್ತದೆ. ಶೆಡ್ಡಿನ ಹೀಟ್ ಗನ್ ಬೇಡ, ಕಾರ್ಬನ್ ಫ್ರೇಮಿಗಂತೂ ಹತ್ತಿರವೂ ತರಬಾರದು.

ಉಳಿದ ಅಂಟಿಗೆ ನೀಲಗಿರಿ ಎಣ್ಣೆ ಸಾಕು. ಬಟ್ಟೆಗೆ ಹಾಕಿ ಒರೆಸಿ, ಡಿಸ್ಕ್ ಬ್ರೇಕಿಗೂ ರಿಮ್ಮಿಗೂ ತಾಗದಂತೆ ನೋಡಿಕೊಳ್ಳಿ, ಕೊನೆಗೆ ಸೋಪಿನ ನೀರಿನಲ್ಲಿ ಜಿಡ್ಡು ತೆಗೆಯಿರಿ. ಅಡಿಯಲ್ಲಿ ಚಕ್ಕೆ ಎದ್ದ ಜಾಗ ಕಂಡರೆ ಸಣ್ಣ ಉಪ್ಪುಕಾಗದದಿಂದ ತುಕ್ಕು ತೆಗೆದು, ಪ್ರೈಮರ್ ಹಾಕಿ, ಟಚಪ್ ಬಣ್ಣ ಹಚ್ಚಿ. ಹೊಸ ಬಣ್ಣದೊಳಗಿನ ದ್ರಾವಕ ಪೂರ್ತಿ ಆರಲು ಕೆಲವು ವಾರ ಹಿಡಿಯುತ್ತದೆ. ಅಷ್ಟು ದಿನ ಆ ಜಾಗವನ್ನು ಬರಿದಾಗಿ ಬಿಟ್ಟು, ಆಮೇಲೆ ಹೊಸ ತುಂಡು ಕೂರಿಸಬೇಕು. ಈ ಕೆಲಸವನ್ನು ಬೇಸಿಗೆಯ ಮೊದಲ ಭಾಗದಲ್ಲೇ ಇಟ್ಟುಕೊಂಡರೆ ಮೇ ತಿಂಗಳ ಮೊದಲ ಗುಡುಗಿಗೆ ಮುಂಚೆ ಸೈಕಲ್ ಸಿದ್ಧವಾಗಿರುತ್ತದೆ.